ಟಾಲಿವರ್ ಕೊಟ್ಟಿಗೆಯ ನೇಣುಗಂಬ

ಪ್ಲಮ್ ಫೋರ್ಕ್ ಊರಿನ ಅಂಚೆಯವನಾದ ವರ್ಲಿನ್ ಸ್ಕಡರನಿಗೆ ಹೇಳಿಕೊಳ್ಳುವಂಥ ದುರಭ್ಯಾಸ ಯಾವುದೂ ಇರಲಿಲ್ಲ. ಕುಡಿಯುತ್ತಿರಲಿಲ್ಲ, ಇಸ್ಪೀಟು ಮುಟ್ಟುತ್ತಿರಲಿಲ್ಲ, ಭಾನುವಾರ ಚರ್ಚಿನಲ್ಲಿ ನಿದ್ದೆ ಹೋದರೂ ಗೊರಕೆ ಹೊಡೆಯುತ್ತಿರಲಿಲ್ಲ. ಇದ್ದ ತೊಂದರೆ ಒಂದೇ. ‘ನನಗೆ ಗೊತ್ತಿಲ್ಲ’ ಎಂಬ ಮಾತು ಅವನ ಬಾಯಿಂದ ಹೊರಡುತ್ತಿರಲಿಲ್ಲ. ಪರಸ್ಥಳದವರು ಕಾರು ನಿಲ್ಲಿಸಿ ದಾರಿ ಕೇಳಿದರೆ, ತಾನು ಹೆಸರೇ ಕೇಳದ ಊರಿಗೂ ಎಡಬಲ ತೋರಿಸಿ ಕಳಿಸುತ್ತಿದ್ದ. ಹಾಗೆ ಹೋದವರು ಯಾರೂ ತಿರುಗಿ ಬಂದು ದೂರು ಹೇಳಿರಲಿಲ್ಲ. ತಾನು ಹೇಳಿದ್ದು ಸರಿಯಾಗಿತ್ತೆಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕೆ ಎಂದು ಅವನ ಲೆಕ್ಕ.

ಇಂಥವನು ಹಳೆಯ ಹುಲ್ಲಿನ ಯಂತ್ರಗಳ ತಜ್ಞನಾದದ್ದು ಹಿಂದಿನ ವರ್ಷ, ಜಿಲ್ಲೆಯ ಹಳೇ ಯಂತ್ರಗಳ ಪ್ರದರ್ಶನದಲ್ಲಿ. ಅಲ್ಲಿ ಹುಲ್ಲಿನ ಮೇಲೆ ತುಕ್ಕು ಹಿಡಿದ ಒಂದು ಕಬ್ಬಿಣದ ರಾಶಿ ಬಿದ್ದಿತ್ತು. ಅದರ ಸುತ್ತ ನಾಲ್ವರು ಹಿರಿಯ ರೈತರು ನಿಂತು, ಜೋಳ ಬಿಡಿಸುವುದೆಂದು ಒಬ್ಬ, ಸೇಬಿನ ರಸ ತೆಗೆಯುವುದೆಂದು ಇನ್ನೊಬ್ಬ, ಬೆಳಗಿನಿಂದ ಜಗಳವಾಡುತ್ತಿದ್ದರು. ಅಷ್ಟರಲ್ಲಿ ವರ್ಲಿನನ ಕೈಲಿದ್ದ ಸಾಸೇಜು ಜಾರಿ ಚಕ್ರದ ಕೆಳಗೆ ಬಿತ್ತು. ಅದನ್ನು ಹುಡುಕಲು ಬಗ್ಗಿದಾಗ, ಚಕ್ರದ ಒಳಮೈಯಲ್ಲಿ ಎರಕ ಹೊಯ್ದ ಅಕ್ಷರಗಳು ಅವನ ಮೂಗಿನ ಎದುರಿಗೇ ಇದ್ದವು. ವರ್ಲಿನ್ ಮೇಲೆದ್ದು, ಪ್ಯಾಂಟಿನ ಮಂಡಿ ಕೊಡವಿಕೊಂಡು, “ಇದು ಹುಲ್ಲು ಒತ್ತಿ ದಿಂಡು, ಅಂದ್ರೆ ಬೇಲ್, ಕಟ್ಟೋ ಯಂತ್ರ. ಸಾವಿರದ ಎಂಟುನೂರ ಎಂಬತ್ನಾಲ್ಕನೇ ಇಸವೀದು” ಎಂದ. ನಾಲ್ವರೂ ಟೋಪಿ ತೆಗೆದರು. ಅಕ್ಷರಗಳ ವಿಷಯ ಅವರಾಗಿ ಕೇಳಲಿಲ್ಲ, ಇವನಾಗಿ ಹೇಳಲಿಲ್ಲ. ಅಂದಿನಿಂದ ಊರಿಗೆಲ್ಲ ಅವನು ‘ಪ್ರೊಫೆಸರ್’ ಆದ.

“ಅಂಗಳದ ಹುಲ್ಲು ಕತ್ತರಿಸೋ ಮಿಷನ್ ಸ್ಟಾರ್ಟ್ ಮಾಡೋಕೆ ಬರಲ್ಲ, ಪ್ರೊಫೆಸರ್ ಅಂತೆ” ಎಂದಳು ಹೆಂಡತಿ ಓಪಲ್. ಆದರೆ ಯಾವ ತಜ್ಞನಿಗೆ ತಾನೇ ಮನೆಯಲ್ಲಿ ಮರ್ಯಾದೆ ಸಿಕ್ಕಿದೆ?

ಅಕ್ಟೋಬರಿನ ಒಂದು ಮಂಗಳವಾರ ಅವನು ಅಂಚೆ ಹಂಚುತ್ತ ಹೊಳೆದಂಡೆಯ ರಸ್ತೆಗೆ ಬಂದಾಗ, ಇಡಬೆಲ್ ಟಾಲಿವರ್ ತನ್ನ ಅಂಚೆಪೆಟ್ಟಿಗೆಯ ಪಕ್ಕದಲ್ಲೇ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಎಪ್ಪತ್ತೆಂಟು ವರ್ಷದ ಗಟ್ಟಿ ಹೆಂಗಸು. ಗಂಡ ತೀರಿಕೊಂಡ ಮೇಲೂ ಮೂವತ್ತು ಎಕರೆ ತಾನೇ ನೋಡಿಕೊಳ್ಳುತ್ತಿದ್ದಳು. ಊರಿನವರಿಗೆ ಅವಳು ಆಗಲೂ ಈಗಲೂ ‘ಮಿಸ್ ಇಡಬೆಲ್’.

“ವರ್ಲಿನ್, ಕಾಗದ ಆಮೇಲೆ ಕೊಡುವೆಯಂತೆ, ಇಳಿ. ಕೊಟ್ಟಿಗೇಲಿ ಒಂದು ಏನೋ ಇದೆ, ಅದು ಏನು ಅಂತ ನೀನು ಹೇಳ್ಬೇಕು.”

“ಹೇಳೋಣ ಮಿಸ್ ಇಡಬೆಲ್. ಎಂಥದ್ದು?”

“ಗೊತ್ತಿದ್ದಿದ್ರೆ ನಿನ್ನನ್ಯಾಕೆ ಕೇಳ್ತಿದ್ದೆ? ನಮ್ಮ ಯಜಮಾನ್ರು ಐವತ್ತು ವರ್ಷ ಅದರ ಮುಂದೆ ಹಳೇ ಟೈರು, ಮುರುಕು ಮಂಚ ಎಲ್ಲಾ ಪೇರಿಸಿದ್ರು. ಸಿನ್ಸಿನ್ನಾಟಿಯಿಂದ ಆ ಗ್ಯಾಫ್ನಿ ಅನ್ನೋನು ಬಂದಿದ್ದ ನೋಡು, ಕೊಟ್ಟಿಗೆ ಬಿಚ್ಚಿ ಮರ ತಗೊಂಡು ಹೋಗಿ ಅದೆಂಥದೋ ಹೋಟೆಲಿಗೆ ಮೇಜು ಮಾಡ್ತಾನಂತೆ. ಅವನ ಆಳುಗಳು ಟೈರು ಎಳೆದು ಹಾಕಿದ್ರು. ಹಿಂದುಗಡೆ ಅದು ನಿಂತಿದೆ.”

“ಕೊಟ್ಟಿಗೆ ಮಾರಿಬಿಟ್ರಾ?”

“ಸೂರು ಸೋರುತ್ತೆ, ಏನು ಮಾಡ್ಲಿ. ಶನಿವಾರ ಗರಗಸ ತಗೊಂಡು ಬರ್ತಾನೆ. ಆದ್ರೆ ಅಲ್ಲಿರೋದು ಇಟ್ಕೊಳ್ಳೋ ಅಂಥ ವಸ್ತು ಅಂತ ನೀನು ಹೇಳಿದ್ರೆ ನಾನು ಬಿಡೋಲ್ಲ. ಸೂರು ಸೋರ್ಲಿ, ಬಕೆಟ್ ಇಡ್ತೀನಿ. ನೀನು ಹೇಳಿದ್ದೇ ಕೊನೇ ಮಾತು.”

ಕೊನೆಯ ಮಾತು ತನ್ನದೆಂದು ಯಾರಾದರೂ ಹೇಳಿದ್ದು ವರ್ಲಿನನ ಜೀವನದಲ್ಲಿ ಅದೇ ಮೊದಲು. ಅವನು ಎದೆ ಸ್ವಲ್ಪ ಮುಂದೆ ಮಾಡಿಕೊಂಡು ಒಳಗೆ ಹೋದ.

ಮೂರು ಅಂತಸ್ತಿನ ಕೊಟ್ಟಿಗೆ. ನಡುವೆ, ನೆಲದಡಿಯ ನೆಲಮನೆಯಿಂದ ಸೂರಿನವರೆಗೆ, ಎರಡು ಭಾರಿ ಕಂಬಗಳು. ಕಂಬಗಳ ತುದಿಯಲ್ಲಿ ಅಡ್ಡತೊಲೆ, ತೊಲೆಯಿಂದ ಇಳಿಬಿದ್ದ ಒಂದು ತುಂಡು ಹಗ್ಗ. ಕಂಬಗಳ ನಡುವೆ ಎತ್ತಿನ ಗಾತ್ರದ ಒಂದು ಮರದ ದಿಮ್ಮಿ. ಅದರ ಕೆಳಗೆ ಆಳೆತ್ತರದ ಪೆಟ್ಟಿಗೆ. ಪೆಟ್ಟಿಗೆಗೆ ಕದ, ಕದಕ್ಕೆ ಮಣಿಕಟ್ಟಿನಷ್ಟು ದಪ್ಪದ ಅಗುಳಿ. ಅದರಡಿಯ ನೆಲಮನೆಯಲ್ಲಿ ನಿಂತ ಒಂದು ತಿರುಗಣೆ, ಅದಕ್ಕೆ ಚುಚ್ಚಿದ ಉದ್ದನೆಯ ತೊಲೆ.

ವರ್ಲಿನ್ ಬಗ್ಗಿದ. ಚಕ್ರವಿರಲಿಲ್ಲ. ಎರಕದ ಅಕ್ಷರಗಳಿರಲಿಲ್ಲ. ಕಬ್ಬಿಣವೇ ಇರಲಿಲ್ಲ, ಎಲ್ಲ ಮರ. ಪೆಟ್ಟಿಗೆಯ ತುಂಬ ಮಾತ್ರ ಹಳೆಯ ಒಣಹುಲ್ಲಿತ್ತು. ಸಂದುಗೊಂದುಗಳಲ್ಲೆಲ್ಲ ಹುಲ್ಲು ಸಿಕ್ಕಿಕೊಂಡಿತ್ತು. ಯಂತ್ರ ಸರಿಯಾಗಿ ಕಾಣದಂತೆ ಈ ಹುಲ್ಲು ಅಡ್ಡ ಬರುತ್ತಿದೆಯಲ್ಲ ಎಂದು ಬೇಸರಪಟ್ಟು, ತಜ್ಞನು ಅದನ್ನು ಎರಡೂ ಕೈಯಿಂದ ಕಿತ್ತು ಆಚೆ ಎಸೆದ. ಅದರಲ್ಲಿ ಅರ್ಧ ಅವನ ಅಂಗಿಯ ತೋಳಿನೊಳಗೇ ಹೋಯಿತು.

ಹುಲ್ಲು ತೆಗೆದಮೇಲೆ ಕಂಬದ ಮೇಲೆ ಚಾಕುವಿನಿಂದ ಕೆತ್ತಿದ ಹೆಸರುಗಳು ಕಂಡವು. ‘ಜೆ. ಟಾಲಿವರ್ ೩೧.’ ‘ವಿಲ್ ಪ್ರೂಯಿಟ್ ೩೮.’ ಇನ್ನೂ ಎಂಟೊಂಬತ್ತು ಹೆಸರು. ಎಲ್ಲಕ್ಕಿಂತ ಕೆಳಗೆ, ‘ಓ. ಬ್ಯಾಂಟಾ ೧೧.’

“ಏನಪ್ಪಾ ಇದು?” ಎಂದಳು ಇಡಬೆಲ್.

“ಇದು…” ವರ್ಲಿನ್ ಕತ್ತೆತ್ತಿ ದಿಮ್ಮಿ ನೋಡಿದ. “ಇದು ಮೇಲಿಂದ ಕೆಳಗೆ ಬೀಳೋ ಅಂಥದ್ದು.”

“ಅದು ನನಗೂ ಕಾಣ್ತಿದೆ. ಬಿದ್ದು ಏನು ಮಾಡುತ್ತೆ?”

“ಕೆಳಗೆ ಇರೋರ… ಕೆಳಗೆ ಇರೋದರ ಮೇಲೆ ಬೀಳುತ್ತೆ.”

“ಕೆಳಗೆ ಯಾರಿರ್ತಿದ್ರು? ಈ ಹೆಸರು ಯಾರವು? ಈ ನಂಬರು ಏನು?”

ಗೊತ್ತಿಲ್ಲವೆಂದರೆ ಮುಗಿಯುತ್ತಿತ್ತು. ಆದರೆ ಪ್ರೊಫೆಸರಾದವನು ಹಾಗೆನ್ನಬಹುದೆ? ಅವನು ದನಿ ತಗ್ಗಿಸಿ, “ಮಿಸ್ ಇಡಬೆಲ್, ಇದನ್ನ ಈಗ ಹೇಳೋದು ಬೇಡ. ನೀವು ಒಬ್ರೇ ಇರೋರು. ಒಂದು ಪುಸ್ತಕ ನೋಡಿ ಬಂದು ಹೇಳ್ತೀನಿ. ಅಲ್ಲಿವರೆಗೆ ದಯವಿಟ್ಟು ಯಾರ ಹತ್ರಾನೂ ಬಾಯಿ ಬಿಡ್ಬೇಡಿ” ಎಂದು ಸರಸರನೆ ಜೀಪು ಹತ್ತಿದ.

ತನಗೆ ತಿಳಿಯಲಿಲ್ಲವೆಂಬುದು ಊರಿಗೆ ಗೊತ್ತಾಗಬಾರದೆಂಬುದಷ್ಟೇ ಅವನ ಉದ್ದೇಶ. ಇಡಬೆಲ್ ಮಾತ್ರ ಅಲ್ಲೇ ನಿಂತು ಕಂಬ ನೋಡಿದಳು, ಅಡ್ಡತೊಲೆ ನೋಡಿದಳು, ನೇತಾಡುವ ಹಗ್ಗ ನೋಡಿದಳು, ಹೆಸರುಗಳನ್ನು ಇನ್ನೊಂದು ಸಲ ಓದಿದಳು. ಆಮೇಲೆ ಏಪ್ರನ್ ಎತ್ತಿ ಹಿಡಿದು ಮನೆಯ ಕಡೆ ಓಡಿದಳು.

ಯಾರಿಗೂ ಹೇಳಬೇಡಿ ಎಂದಿದ್ದರಿಂದ ಅವಳು ಯಾರಿಗೂ ಹೇಳಲಿಲ್ಲ. ತಂಗಿಗೆ ಮಾತ್ರ ಫೋನು ಮಾಡಿದಳು. ಹೊಳೆದಂಡೆಯ ಏಳು ಮನೆಗಳಿಗೆ ಒಂದೇ ಲೈನು. ಉಳಿದ ಐದು ಮನೆಯವರು ಕದ್ದು ಕೇಳುವವರಲ್ಲ, ಫೋನು ಎತ್ತಿದಾಗ ತಾನಾಗಿ ಕಿವಿಗೆ ಬಿದ್ದರೆ ಅವರೇನು ಮಾಡಿಯಾರು?

ಸಂಜೆ ವರ್ಲಿನ್ ಮನೆಗೆ ಬಂದಾಗ ಓಪಲ್ ಬಾಗಿಲಲ್ಲೇ ನಿಂತಿದ್ದಳು.

“ಏನ್ರೀ, ಟಾಲಿವರ್ ಕೊಟ್ಟಿಗೇಲಿ ನೇಣುಗಂಬ ಪತ್ತೆಯಾಯ್ತಂತೆ?”

“ಹೌದಾ? ಯಾರು ಪತ್ತೆ ಮಾಡಿದ್ದು?”

“ನೀವೇ.”

ವರ್ಲಿನ್ ಮೆಟ್ಟಿಲ ಮೇಲೆ ಕೂತ. ಹತ್ತು ಹನ್ನೆರಡು ಹೆಸರು. ಹಗ್ಗ. ಅಡ್ಡತೊಲೆ. ‘ನಾನು ಹೇಳಿದೆನೆ?’ ಎಂದು ಯೋಚಿಸಿದ. ಹೇಳಿದ ನೆನಪಿರಲಿಲ್ಲ. ಆದರೆ ಊರೆಲ್ಲ ಹಾಗೆನ್ನುತ್ತಿದೆ. ಹೇಳಿದ್ದು ತಾನೇ ಆದರೆ ಸುಮ್ಮಸುಮ್ಮನೆ ಹೇಳಿರಲಾರೆ, ತಕ್ಕ ಕಾರಣವಿದ್ದೇ ಹೇಳಿರಬೇಕು. ಊಟಕ್ಕೆ ಕೂರುವ ಹೊತ್ತಿಗೆ ಅವನಿಗೂ ಅದು ನೇಣುಗಂಬವೇ ಆಗಿತ್ತು.

ಬುಧವಾರ ಬೆಳಿಗ್ಗೆ ಅಂಚೆ ಕಚೇರಿಗೆ ಮೊದಲು ಬಂದವಳು ಲೋರೀನ್ ಡಿಟ್ರಾಸ್, ಜಿಲ್ಲಾ ಇತಿಹಾಸ ಸಂಘದ ಅಧ್ಯಕ್ಷೆ. ಅವಳ ಕಣ್ಣು ಒದ್ದೆಯಾಗಿತ್ತು.

“ಪ್ರೊಫೆಸರ್, ನಿಮಗೆ ಹೇಗೆ ಥ್ಯಾಂಕ್ಸ್ ಹೇಳ್ಲಿ? ಇಪ್ಪತ್ತೆರಡು ವರ್ಷದಿಂದ ನಾನು ಈ ಸಂಘ ನಡೆಸ್ತಿದ್ದೀನಿ. ಪಕ್ಕದ ಜಿಲ್ಲೇಲಿ ಬ್ಯಾಂಕ್ ದರೋಡೆ ಆಗಿತ್ತು, ಗುಂಡಿನ ತೂತಿಗೆ ಗಾಜು ಹಾಕಿ ಇಟ್ಟಿದಾರೆ. ನಮ್ಮಲ್ಲಿ ಏನಿತ್ತು ಹೇಳಿ? ಒಂದು ಪ್ರವಾಹ. ಅದೂ ಅವರಲ್ಲೇ ಜಾಸ್ತಿ ಬಂದಿತ್ತು!”

“ಈಗ ನೇಣುಗಂಬ ಇದೆಯಲ್ಲ” ಎಂದ ವರ್ಲಿನ್ ಗಂಭೀರವಾಗಿ.

“ಬೋರ್ಡು ಬರೆಸೋಕೆ ಕೊಟ್ಟಾಯ್ತು.”

ಎರಡನೆಯವನು ಡೆಪ್ಯುಟಿ ಶೆರೀಫ್ ಥರ್ಮನ್ ಪ್ರೂಯಿಟ್. ಆರಡಿ ಎರಡಿಂಚಿನ ಆಳು, ಟೋಪಿಯನ್ನು ಎದೆಗೊತ್ತಿ ಹಿಡಿದು ಒಳಗೆ ಬಂದ.

“ವರ್ಲಿನ್, ವಿಲ್ ಪ್ರೂಯಿಟ್ ನನ್ನ ಮುತ್ತಾತ ಕಣಯ್ಯ. ಪಶ್ಚಿಮಕ್ಕೆ ಹೋದ, ತಿರುಗಿ ಬರಲಿಲ್ಲ ಅಂತ ನಮ್ಮಜ್ಜಿ ಹೇಳ್ತಿದ್ಲು. ಅವಮಾನ ಮುಚ್ಚಿಡೋಕೆ ಹೇಳಿದ್ದು ಅಂತ ಈಗ ಗೊತ್ತಾಯ್ತು. ಮೂವತ್ತೆಂಟು! ಬರೀ ಮೂವತ್ತೆಂಟು ವಯಸ್ಸು!”

“ನಿರಪರಾಧಿಯಾಗಿದ್ದ” ಎಂದ ವರ್ಲಿನ್. ಯಾಕೆ ಹಾಗೆಂದನೋ ಅವನಿಗೇ ತಿಳಿಯದು. ಅಳುವವನ ಎದುರಿಗೆ ಏನಾದರೂ ಅನ್ನಬೇಕಲ್ಲ.

ಗುರುವಾರದೊಳಗೆ ಪ್ರೂಯಿಟ್ ವಂಶದವರು ಮೂರು ಜಿಲ್ಲೆಗಳಿಂದ ಬಂದಿಳಿದು ಹೂವಿನ ಚಕ್ರಕ್ಕೆ ಹೇಳಿಯಾಗಿತ್ತು. ಪಾದ್ರಿಗಳು ಕಂಬದ ಹತ್ತಿರ ಪ್ರಾರ್ಥನೆ ಮಾಡಲು ಒಪ್ಪಿದ್ದರು. ಇಡಬೆಲ್ ಮನೆಗೆ ಬೀಗ ಹಾಕಿ ತಂಗಿಯ ಮನೆ ಸೇರಿದ್ದಳು. ಅಲ್ಲಿಂದಲೇ ಗ್ಯಾಫ್ನಿಗೆ ಫೋನು ಮಾಡಿ, “ಕೊಟ್ಟಿಗೆ ಒಂದು ಕಡ್ಡೀನೂ ಬಿಡ್ದೆ ತಗೊಂಡು ಹೋಗು. ಇಷ್ಟು ವರ್ಷ ಅದರ ಪಕ್ಕದಲ್ಲಿ ಬಟ್ಟೆ ಒಣಗ್ಹಾಕಿದೀನಿ, ನೆನೆಸ್ಕೊಂಡ್ರೆ ಮೈ ಜುಂ ಅನ್ನುತ್ತೆ” ಎಂದಿದ್ದಳು. ನೇಣುಗಂಬದ ಮರದ ಮೇಜಿನ ಮೇಲೆ ಮಾಂಸದೂಟ ಎಂದರೆ ಸಿನ್ಸಿನ್ನಾಟಿಯವರು ಮುಗಿಬೀಳುತ್ತಾರೆಂದು ಗ್ಯಾಫ್ನಿಗೆ ಹಿಗ್ಗೋ ಹಿಗ್ಗು.

ಅಷ್ಟರಲ್ಲಿ ಲೋರೀನ್ ಬೋರ್ಡಿಗೆಂದು ಹೆಸರುಗಳನ್ನೆಲ್ಲ ಬರೆದುಕೊಂಡು ಬಂದು ಅಂಚೆ ಕಚೇರಿಯಲ್ಲಿ ಗಟ್ಟಿಯಾಗಿ ಓದಿದಳು. ಕೊನೆಯದು ಬ್ಯಾಂಟಾ.

“ಓ. ಬ್ಯಾಂಟಾ?” ಎಂದಳು ಅಂಚೆಚೀಟಿ ಕೊಳ್ಳಲು ಬಂದಿದ್ದ ಓಪಲ್. “ಓಥೋ ಬ್ಯಾಂಟಾ? ಅವರು ಬದುಕಿದಾರಲ್ಲ! ವೃದ್ಧಾಶ್ರಮದಲ್ಲಿದಾರೆ. ಹೋದ ತಿಂಗಳು ಚರ್ಚಿನಿಂದ ಪರ್ಸಿಮನ್ ಹಣ್ಣಿನ ಪುಡಿಂಗ್ ಕೊಟ್ಟು ಬಂದೆ. ಎರಡು ಸಲ ಹಾಕಿಸ್ಕೊಂಡ್ರು.”

ಹನ್ನೊಂದನೇ ವಯಸ್ಸಿಗೆ ನೇಣಿಗೇರಿದವನು ತೊಂಬತ್ತಮೂರನೇ ವಯಸ್ಸಿನಲ್ಲಿ ಪುಡಿಂಗ್ ತಿನ್ನುವುದು ಹೇಗೆ?

“ಹಗ್ಗ ಕಿತ್ತುಹೋಗಿರಬೇಕು” ಎಂದಳು ಲೋರೀನ್, ಇತಿಹಾಸವನ್ನು ಕೈಬಿಡಲು ಮನಸ್ಸಿಲ್ಲದೆ.

ಆಗ ವರ್ಲಿನನಿಗೆ ಒಂದು ಯೋಚನೆ ಹೊಳೆಯಿತು. ಅವನ ಯೋಚನೆಗಳು ಹೊಳೆಯುವುದೇ ಬಾಯಿಂದ ಹೊರಬಿದ್ದ ಮೇಲೆ. “ಹಾಗಾದ್ರೆ ಇವು ನೇಣಿಗೇರಿದವರ ಹೆಸರಲ್ಲ. ಏರಿಸಿದವರ ಹೆಸರು! ನಂಬರು ವಯಸ್ಸಲ್ಲ, ಒಬ್ಬೊಬ್ಬರು ಎಷ್ಟೆಷ್ಟು ಮಂದೀನ ಅಂತ…”

ಎಲ್ಲರೂ ನಿಧಾನವಾಗಿ, ಬಾಗಿಲ ಬಳಿ ನಿಂತಿದ್ದ ಥರ್ಮನ್ ಪ್ರೂಯಿಟನ ಕಡೆ ತಿರುಗಿದರು.

“ಮೂವತ್ತೆಂಟು?” ಎಂದ ಥರ್ಮನ್. ಅವನ ಮುಖ ಹಿಟ್ಟಿನಂತಾಯಿತು. ಹೂವಿನ ಚಕ್ರದ ಮೇಲೆ ‘ನಮ್ಮ ಹುತಾತ್ಮನಿಗೆ’ ಎಂದು ಬರೆಸಿಯಾಗಿತ್ತು.

ಶುಕ್ರವಾರ ಮಧ್ಯಾಹ್ನ ಥರ್ಮನ್ ಪೊಲೀಸ್ ಕಾರಿನಲ್ಲಿ ವರ್ಲಿನನನ್ನು ಕೂರಿಸಿಕೊಂಡು ವೃದ್ಧಾಶ್ರಮಕ್ಕೆ ಹೋದ. ಓಥೋ ಬ್ಯಾಂಟಾ ಕಿಟಕಿಯ ಬಳಿ ಗಾಲಿಕುರ್ಚಿಯಲ್ಲಿದ್ದ. ಮೈಯೆಲ್ಲ ಸುಕ್ಕು, ಕಣ್ಣು ಮಾತ್ರ ಚುರುಕು, ಒಂದು ಕಿವಿ ಪೂರ್ತಿ ಮಂದ. ಥರ್ಮನ್ ಒಳ್ಳೆಯ ಕಿವಿಯ ಕಡೆ ಕುರ್ಚಿ ಎಳೆದುಕೊಂಡು, ನೋಟ್‌ಬುಕ್ ತೆಗೆದು, ಗಂಟಲು ಸರಿಮಾಡಿಕೊಂಡ.

“ತಾತ, ಟಾಲಿವರ್ ಕೊಟ್ಟಿಗೆ ನೆನಪಿದೆಯಾ?”

“ನೆನಪಿಲ್ದೆ? ಹದಿನಾರು ವಯಸ್ಸಿಗೆ ಅಲ್ಲಿ ಕೆಲಸಕ್ಕೆ ಸೇರ್ಕೊಂಡೆ. ಮೇಷ್ಟ್ರು ಇದ್ದ ಹಾಗೆ ಇದ್ದೋನು ವಿಲ್ ಪ್ರೂಯಿಟ್.”

ಥರ್ಮನ್ ಹೆಸರು ಬರೆದುಕೊಂಡ. “ಅವನು… ಏನು ಮಾಡ್ತಿದ್ದ?”

“ಕಟ್ತಿದ್ದ. ಅವನ ಹಾಗೆ ಕಟ್ಟೋನು ಈ ಜಿಲ್ಲೇಲೇ ಇರಲಿಲ್ಲ. ಒಂದು ಗಂಟು ಹಾಕಿದ ಅಂದ್ರೆ ಮುಗೀತು, ಆಮೇಲೆ ಮಿಸುಕಾಡೋ ಹಾಗಿಲ್ಲ. ಎರಡೇ ದಿನದಲ್ಲಿ ಮೂವತ್ತೆಂಟು! ಕಂಬದ ಮೇಲೆ ಅವನೇ ಕೆತ್ತಿದ.”

“ಹೆಮ್ಮೆಯಿಂದ?”

“ಮತ್ತೆ? ಅವನ ಹೆಂಡತಿ ಕೇಕ್ ಮಾಡ್ಕೊಂಡು ಬಂದ್ಲು.”

ವರ್ಲಿನ್ ಮುಂದೆ ಬಾಗಿದ. “ನೀವೇನು ಮಾಡ್ತಿದ್ರಿ ತಾತ?”

“ನಾನು ತುಳಿಯೋನು. ಕಟ್ಟೋಕೆ ಒಂದೇ ಸಲ ಬಿಟ್ರು, ಹನ್ನೊಂದಕ್ಕೇ ಸುಸ್ತಾದೆ. ಪೆಟ್ಟಿಗೆ ಒಳಗೆ ಇಳಿದು ಚೆನ್ನಾಗಿ ತುಳೀಬೇಕು, ಇಲ್ದಿದ್ರೆ ಜಾಸ್ತಿ ಹಿಡಿಸಲ್ಲ. ಆಮೇಲೆ ಹೊರಗೆ ಹಾರಿದ್ರೆ ಮೇಲಿಂದ ದಿಮ್ಮಿ, ಧಡ್!”

“ದೇವ್ರೇ! ಪಾದ್ರಿ ಯಾರೂ ಇರ್ತಿರಲಿಲ್ವಾ?”

“ಬರ್ತಿದ್ದ. ಕ್ರಿಸ್ಮಸ್‌ಗೆ ಅವನಿಗೂ ಎರಡು ಕಳಿಸ್ತಿದ್ವಿ.”

“ಕಳಿಸಿ?”

“ಅವನ ಕುದುರೆಗೂ ಹೊಟ್ಟೆ ಇಲ್ವೇನಯ್ಯ?”

ವರ್ಲಿನ್ ಮತ್ತು ಥರ್ಮನ್ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕುದುರೆಗೆ! ಇಷ್ಟು ಘೋರವನ್ನು ಇಬ್ಬರೂ ಎಣಿಸಿರಲಿಲ್ಲ.

“ಉಳಿದದ್ದು?” ಎಂದ ಥರ್ಮನ್ ಸಣ್ಣ ದನಿಯಲ್ಲಿ.

“ಹೊಳೆ ದಂಡೆಗೆ ಉರುಳಿಸಿ ದೋಣಿಗೆ ತುಂಬೋದು. ನ್ಯೂ ಆರ್ಲಿಯನ್ಸ್‌ಗೆ. ಅಲ್ಲಿ ತಿನ್ನೋಕೆ ಬೇಕಲ್ಲ! ಒಣಗಿರಬೇಕು ಮಾತ್ರ. ಹಸಿ ಇದ್ರೆ ದಾರೀಲಿ ಕೊಳೆತು ನಾರುತ್ತೆ.”

ಥರ್ಮನನ ಪೆನ್ಸಿಲ್ ಮೊನೆ ಮುರಿಯಿತು. “ಯಾರೂ ಕೇಸ್ ಹಾಕಲಿಲ್ವಾ ತಾತ?”

“ಹಾಕ್ದೆ? ಒಂದ್ಸಲ ತೂಕ ಕಮ್ಮಿ ಬಂತು ಅಂತ ಹಾಕಿದ್ರು. ಒಂದೊಂದು ಬೇಲ್ ಮುನ್ನೂರು ಪೌಂಡ್ ಇರಬೇಕಿತ್ತು.”

“ಬೇಲ್?” ಥರ್ಮನ್ ನೆಟ್ಟಗೆ ಕೂತ. ಕಾನೂನಿನ ಪದ ಕಿವಿಗೆ ಬಿದ್ದೊಡನೆ ಅವನಿಗೆ ಜೀವ ಬಂತು. “ಬೇಲ್ ಕೊಡ್ತಿದ್ರಾ ಹಾಗಾದ್ರೆ?”

“ದುಡ್ಡು ಕೊಟ್ಟೋರಿಗೆಲ್ಲ ಕೊಡ್ತಿದ್ವಿ.”

“ಕೊಡದೋರಿಗೆ?”

“ಕೊಡದೋರಿಗೆ ಯಾಕೆ ಕೊಡ್ಬೇಕು?”

‘ಬಡವರಿಗೆ ಬೇಲ್ ನಿರಾಕರಣೆ’ ಎಂದು ಥರ್ಮನ್ ಮುರಿದ ಪೆನ್ಸಿಲಿನಲ್ಲೇ ಒತ್ತಿ ಬರೆದ. ಇತ್ತ ಮಂಗಳವಾರದಿಂದ ವರ್ಲಿನನ ತೋಳು ತುರಿಸುತ್ತಿತ್ತು. ಈಗಲೂ ತುರಿಸಿಕೊಳ್ಳುತ್ತ ಅಂಗಿಯ ಒಳಗಿಂದ ಒಂದು ಕಡ್ಡಿ ಎಳೆದಿದ್ದ. ಅದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದ. ಮೂಸಿದ.

“ತಾತ… ಯಾವ ಬೇಲ್?”

“ಹುಲ್ಲಿಂದು ಕಣೋ! ಹುಲ್ಲು ಒತ್ತೋ ಯಂತ್ರದಲ್ಲಿ ಹುಲ್ಲಿನ ಬೇಲ್ ಅಲ್ದೆ ಮನುಷ್ಯರ ಬೇಲ್ ಬರುತ್ತಾ?”

ಥರ್ಮನ್ ನೋಟ್‌ಬುಕ್ ಮುಚ್ಚಿ ಜೇಬಿಗೆ ಹಾಕಿದ. ಆಮೇಲೆ ಕೇಳಿದ. “ಹಾಗಾದ್ರೆ ನಮ್ಮ ಮುತ್ತಾತ…”

“ಹುಲ್ಲು ಕಟ್ತಿದ್ದ” ಎಂದ ವರ್ಲಿನ್.

“ಬರೀ ಹುಲ್ಲಾ?”

ಅವನ ದನಿಯಲ್ಲಿದ್ದದ್ದು ನೆಮ್ಮದಿಯೋ ನಿರಾಸೆಯೋ ಹೇಳುವುದು ಕಷ್ಟ. ಒಂದು ದಿನ ಹುತಾತ್ಮನ ಮರಿಮಗನಾಗಿ, ಇನ್ನೊಂದು ದಿನ ಹಂತಕನ ಮರಿಮಗನಾಗಿ ಬಾಳಿದವನಿಗೆ ಹುಲ್ಲಿಗೆ ಇಳಿಯುವುದು ಸುಲಭವಲ್ಲ.

“ಆ ಯಂತ್ರ ಇನ್ನೂ ಇದೆಯೇನೋ?” ಎಂದ ಓಥೋ.

“ನಾಳೆ ಬೆಳಿಗ್ಗೆ ಕಡೀತಾರೆ” ಎಂದ ವರ್ಲಿನ್.

ಮುದುಕ ಗಾಲಿಕುರ್ಚಿಯ ಎರಡೂ ಕೈಹಿಡಿ ಹಿಡಿದುಕೊಂಡ. “ನನ್ನ ಟೋಪಿ ಎಲ್ಲಿ?”

ಶನಿವಾರ ಎಂಟು ಗಂಟೆಗೆ ಟಾಲಿವರ್ ಕೊಟ್ಟಿಗೆಯ ಮುಂದೆ ಊರಿಗೆ ಊರೇ ನೆರೆದಿತ್ತು. ಒಂದು ಕಡೆ ಗ್ಯಾಫ್ನಿಯ ಲಾರಿ, ಗರಗಸ ಹಿಡಿದ ಇಬ್ಬರು ಆಳು. ಇನ್ನೊಂದು ಕಡೆ ಲೋರೀನಳ ಬೋರ್ಡು, ಬಣ್ಣ ಇನ್ನೂ ಹಸಿ. ಪ್ರೂಯಿಟ್ ವಂಶದವರು ಹೂವಿನ ಚಕ್ರವನ್ನು ತೋರಿಸಬೇಕೋ ಮುಚ್ಚಿಡಬೇಕೋ ತಿಳಿಯದೆ ಬೆನ್ನ ಹಿಂದೆ ಹಿಡಿದಿದ್ದರು. ಪೊಲೀಸ್ ಕಾರು ಬಂದು ನಿಂತಿತು. ವರ್ಲಿನ್ ಇಳಿದವನೇ ಕೊಟ್ಟಿಗೆಯ ಬಾಗಿಲಿಗೆ ಅಡ್ಡ ನಿಂತ.

“ನಿಲ್ಸಿ! ಇದು ನೇಣುಗಂಬ ಅಲ್ಲ. ಹುಲ್ಲು ಒತ್ತೋ ಯಂತ್ರ.”

“ಅದು ಹೇಗೆ?” ಲೋರೀನ್ ಮುಂದೆ ಬಂದಳು. “ಮಂಗಳವಾರ ನೇಣುಗಂಬ ಅಂದೋರು ನೀವೇ ಅಲ್ವಾ?”

“ನಾನು ಅನ್ನಲಿಲ್ಲ.”

“ಮತ್ತೆ ಏನಂದ್ರಿ?”

“ಏನೂ ಅನ್ನಲಿಲ್ಲ.”

“ಯಾಕೆ ಅನ್ನಲಿಲ್ಲ?”

ವರ್ಲಿನ್ ನೆಲ ನೋಡಿದ, ಆಕಾಶ ನೋಡಿದ, ಗರಗಸ ನೋಡಿದ. ಬೇರೆ ದಾರಿ ಉಳಿದಿರಲಿಲ್ಲ.

“ಗೊತ್ತಿರಲಿಲ್ಲ” ಎಂದ.

ಜನರ ನಡುವಿನಿಂದ ಓಪಲಳ ದನಿ ಕೇಳಿತು. “ಏನಂದ್ರಿ? ಇನ್ನೊಂದ್ಸಲ ಹೇಳಿ!”

“ನನಗೆ ಗೊತ್ತಿರಲಿಲ್ಲ ಅಂದೆ!”

“ಅಯ್ಯೋ ಪುಣ್ಯಾತ್ಮ” ಎಂದಳು ಇಡಬೆಲ್. “ಇಷ್ಟು ಮಾತು ಮಂಗಳವಾರ ಹೇಳಿದ್ರೆ ನಾನು ನಾಲ್ಕು ದಿನ ತಂಗಿ ಮನೆ ಸೋಫಾ ಮೇಲೆ ಸೊಂಟ ಮುರ್ಕೋಬೇಕಿರಲಿಲ್ಲವಲ್ಲೋ!”

ಗ್ಯಾಫ್ನಿ ಗಡಿಯಾರ ನೋಡಿಕೊಂಡ. “ಹುಲ್ಲೋ ನೇಣೋ, ನನಗೆ ಮರ ಬೇಕು. ಗಿರಾಕಿಗೆ ನೇಣುಗಂಬ ಅಂತ ಹೇಳಾಗಿದೆ, ಅವನಿಗೆ ಅದೇ ನೇಣುಗಂಬ. ನಡೀರಿ ಒಳಗೆ.”

“ಯಾರಯ್ಯ ಅವನು, ಕೆಲಸದ ಹೊತ್ತಲ್ಲಿ ಹರಟೆ ಹೊಡೆಯೋನು?”

ಎಲ್ಲರೂ ತಿರುಗಿ ನೋಡಿದರು. ಕಾರಿನಿಂದ ಥರ್ಮನ್ ಇಳಿಸಿದ ಗಾಲಿಕುರ್ಚಿಯಲ್ಲಿ ಓಥೋ ಬ್ಯಾಂಟಾ, ಟೋಪಿ ಕಿವಿಯವರೆಗೆ ಎಳೆದುಕೊಂಡು ಕೂತಿದ್ದ. “ಒಳಗೆ ತಳ್ಳು ನನ್ನ. ಹೊಸ ಹಗ್ಗ ಯಾ‌ರ ಹತ್ರ ಇದೆ? ಆ ಲಾರೀಲಿದೆಯಲ್ಲ, ತಗೊಂಬಾ. ಕುದುರೆ ಎಲ್ಲಿ?”

ಕುದುರೆ ಊರಲ್ಲೇ ಇರಲಿಲ್ಲ. ಟ್ರ್ಯಾಕ್ಟರ್ ನೆಲಮನೆಯ ಬಾಗಿಲಲ್ಲಿ ಹಿಡಿಸಲಿಲ್ಲ. ಓಥೋ ಸುತ್ತ ಕಣ್ಣಾಡಿಸಿದ. “ನೀನು, ನೀನು, ನೀನು, ನೀವು ಪಾದ್ರಿಗಳೇ, ನೀನೂ ಬಾ ದಪ್ಪ ಆಸಾಮಿ, ತೊಲೆ ಹಿಡಿ.” ದಪ್ಪ ಆಸಾಮಿಯೆಂದರೆ ಗ್ಯಾಫ್ನಿ. ಅವನು ಏನೋ ಹೇಳಲು ಬಾಯಿ ತೆರೆದ. ಆದರೆ ತೊಂಬತ್ತಮೂರು ವರ್ಷದವನೊಬ್ಬ ಅಷ್ಟು ನಿಚ್ಚಳವಾಗಿ ಅಪ್ಪಣೆ ಕೊಡುವಾಗ ಎದುರಾಡುವುದು ಯಾರಿಗೂ ಆಗದ ಕೆಲಸ. ಥರ್ಮನ್, ಪಾದ್ರಿ, ಗ್ಯಾಫ್ನಿ, ಅವನ ಇಬ್ಬರು ಆಳು, ಐವರೂ ನೆಲಮನೆಗಿಳಿದು ಗಾಣದ ಎತ್ತುಗಳಂತೆ ತೊಲೆಗೆ ಎದೆ ಕೊಟ್ಟರು. ಹಗ್ಗ ಬಿಗಿಯಿತು. ತಿರುಗಣೆ ನರಳಿತು. ಮೇಲೆ ದಿಮ್ಮಿ ಗೇಣು ಗೇಣಾಗಿ ಏರತೊಡಗಿತು. ಪಕ್ಕದ ಹೊಲದಿಂದ ಹುಲ್ಲು ತಂದು ಸುರಿದದ್ದಾಯಿತು.

“ತುಳಿಯೋಕೆ ಒಬ್ಬ ಬೇಕು” ಎಂದ ಓಥೋ. “ವರ್ಲಿನ್, ಇಳಿ ಪೆಟ್ಟಿಗೆಗೆ. ‘ಹೊರಗೆ’ ಅಂದ ಕೂಡ್ಲೆ ಹೊರಗೆ ಹಾರು.”

“‘ಹೊರಗೆ’ ಅನ್ನೋದು ನೀವು ಮರೆತ್ರೆ?”

“ನಿನ್ನನ್ನೂ ಸೇರಿಸಿ ಕಟ್ತೀವಿ.”

ವರ್ಲಿನ್ ಇಳಿದು ತುಳಿದ. ಮೇಲೆ ನೋಡುತ್ತ ತುಳಿದ. ತುಳಿಯುವುದಕ್ಕಿಂತ ನೋಡುವುದೇ ಹೆಚ್ಚಾಯಿತೆಂದು ಬೈಸಿಕೊಂಡು ಮತ್ತೆ ತುಳಿದ. “ಹೊರಗೆ!” ಎಂದಾಗ ಅವನು ಹಾರಿದ ರೀತಿಯನ್ನು ಓಪಲ್ ಇಂದಿಗೂ ಕಪ್ಪೆಗೆ ಹೋಲಿಸುತ್ತಾಳೆ. ಓಥೋ ಕೋಲಿನಿಂದ ಕೊಂಡಿ ತಟ್ಟಿದ. ದಿಮ್ಮಿ ಬಿತ್ತು.

ಧಡ್!

ಕೊಟ್ಟಿಗೆ ಬುಡದಿಂದ ನಡುಗಿತು. ಸೂರಿನ ಪಾರಿವಾಳಗಳೆಲ್ಲ ಒಟ್ಟಿಗೆ ಹಾರಿದವು. ಎಪ್ಪತ್ತು ವರ್ಷದ ಧೂಳು ಇಳಿದು ಬಂದು ಇತಿಹಾಸ ಸಂಘದ ಮೇಲೆ ಕೂತಿತು. ನೆಲಮನೆಯಿಂದ ಗ್ಯಾಫ್ನಿಯ ದನಿ ಕೇಳಿತು. “ಬಿತ್ತಾ? ಏನಾಯ್ತು? ನಮಗೇನೂ ಕಾಣ್ತಿಲ್ಲ!”

“ಕುದುರೆಗಳು ಮಾತಾಡಬಾರ್ದು” ಎಂದು ಓಥೋ ಕೂಗಿದ. “ಇನ್ನೊಂದ್ಸಲ!”

ಇಪ್ಪತ್ತಮೂರು ಸಲ ಏರಿತು, ಇಪ್ಪತ್ತಮೂರು ಸಲ ಬಿತ್ತು. ಕಟ್ಟುವ ಹೊತ್ತು ಬಂದಾಗ ಓಥೋ ಥರ್ಮನನನ್ನು ಕರೆಸಿ, ಗಂಟು ಹೇಗೆಂದು ತೋರಿಸಿದ. ಥರ್ಮನ್ ನಾಲ್ಕು ಸಲ ತಪ್ಪಿ ಐದನೆಯ ಸಲ ಹಾಕಿದ. ಅಗುಳಿ ತೆಗೆದರು. ಕದ ತೆರೆಯಿತು. ಪೆಟ್ಟಿಗೆಯಿಂದ ಒಂದು ಬೇಲ್, ಕರಡಿಯಷ್ಟು ದೊಡ್ಡದು, ಮೂಲೆ ಮೂಲೆ ಚೂಪಾಗಿ, ಹಸಿರು ಘಮ ಸೂಸುತ್ತ ಅಂಗಳಕ್ಕೆ ಉರುಳಿತು. ಪ್ರೂಯಿಟ್ ವಂಶದವರು ಗಂಟನ್ನೇ ನೋಡುತ್ತ ನಿಂತರು. ಆಮೇಲೆ ಒಬ್ಬಳು ಬೆನ್ನ ಹಿಂದಿದ್ದ ಹೂವಿನ ಚಕ್ರವನ್ನು ತಂದು, ಹುತಾತ್ಮನೆಂಬ ಪಟ್ಟಿ ಕಿತ್ತು, ಬೇಲಿನ ಮೇಲೆ ಇಟ್ಟಳು.

ಲೋರೀನ್ ಮಾತ್ರ ಬೋರ್ಡಿನ ಪಕ್ಕದಲ್ಲಿ ಧೂಳು ಕೊಡವಿಕೊಳ್ಳುತ್ತ, “ಪಕ್ಕದ ಜಿಲ್ಲೇಲಿ ಗುಂಡಿನ ತೂತು, ನಮ್ಮಲ್ಲಿ ಹುಲ್ಲು” ಎಂದು ನಿಟ್ಟುಸಿರು ಬಿಟ್ಟಳು.

ಗ್ಯಾಫ್ನಿ ನೆಲಮನೆಯಿಂದ ಮೇಲೆ ಬಂದ. ಅಂಗಿ ಬೆನ್ನಿಗಂಟಿತ್ತು. ಬೇಲಿನ ಸುತ್ತ ಒಂದು ಸುತ್ತು ಬಂದು, ಅದರ ಮೇಲೆ ಕೈಯಾಡಿಸಿದ. “ಇದು ನಾವು ಮಾಡಿದ್ದಾ?” ಎಂದ. ಆಮೇಲೆ ನೆನಪಾದವನಂತೆ ಕೈ ಹಿಂದಕ್ಕೆಳೆದುಕೊಂಡ. “ಸರಿ, ಆಯ್ತಲ್ಲ. ಇನ್ನು ಕಡೀತೀವಿ.”

“ಏನು ಕಡೀತೀಯ?” ಇಡಬೆಲ್ ಅವನ ಎದುರಿಗೆ ನಿಂತಳು. “ಕಾಗದ ತೆಗೆದು ಓದು. ‘ಕೊಟ್ಟಿಗೆಯ ಹಳೇ ಮರ’ ಅಂತಿದೆ. ಯಂತ್ರ ಅಂತ ಎಲ್ಲೂ ಇಲ್ಲ. ಅದು ಹಳೇ ಮರ ಆಗಿದ್ರೆ ನೀನು ಈಗ ಒಂದು ಗಂಟೆಯಿಂದ ಏನನ್ನ ಓಡಿಸ್ತಿದ್ದೆ?”

“ಹಾಗಾದ್ರೆ ಯಂತ್ರ ಬಿಟ್ಟು ಮಿಕ್ಕಿದ್ದು…”

“ಸೂರು, ಗೋಡೆ ಎಲ್ಲಾ ಅದರ ಕಂಬಕ್ಕೇ ಆತ್ಕೊಂಡಿವೆ. ಕಂಬ ಮುಟ್ಟದೆ ಬಿಚ್ಚೋಕೆ ಆದ್ರೆ ಬಿಚ್ಕೊಂಡು ಹೋಗು.”

ಗ್ಯಾಫ್ನಿ ಸೂರು ನೋಡಿದ, ಶೆರೀಫನ ಡೆಪ್ಯುಟಿಯನ್ನು ನೋಡಿದ. ಡೆಪ್ಯುಟಿ ತನ್ನ ಗಂಟನ್ನು ಇನ್ನೊಬ್ಬರಿಗೆ ತೋರಿಸುವುದರಲ್ಲಿ ಮುಳುಗಿದ್ದ. ಗ್ಯಾಫ್ನಿ ಗರಗಸಗಳನ್ನು ಲಾರಿಗೆ ಹಾಕಿಸಿದ. ಹಗ್ಗ ವಾಪಸು ಕೇಳಿದ್ದಕ್ಕೆ ಓಥೋ, “ಅದು ಈಗ ಯಂತ್ರದ ಭಾಗ” ಎಂದ.

ಮಧ್ಯಾಹ್ನ ವರ್ಲಿನನೇ ಓಥೋನನ್ನು ವೃದ್ಧಾಶ್ರಮಕ್ಕೆ ಬಿಡಲು ಹೋದ. ಬಾಗಿಲಲ್ಲಿ ನರ್ಸು ಕೈ ಕಟ್ಟಿ ನಿಂತಿದ್ದಳು. ಮುದುಕನ ತಲೆಗೂದಲಲ್ಲಿ ಹುಲ್ಲು, ಹುಬ್ಬಿನ ಮೇಲೆ ಧೂಳು.

“ಮಿಸ್ಟರ್ ಬ್ಯಾಂಟಾ! ಬೆಳಗಿನ ಮಾತ್ರೇನೂ ತಗೊಳ್ದೆ ಎಲ್ಲಿಗೆ ಹೋಗಿದ್ರಿ?”

“ಕೆಲಸಕ್ಕೆ” ಎಂದ ಓಥೋ. ಆಮೇಲೆ ವರ್ಲಿನನ ಕಡೆ ಬೆರಳು ಮಾಡಿ, “ನಾಳೆ ಆರಕ್ಕೆ ಬಾ. ತಡ ಮಾಡ್ಬೇಡ” ಎಂದು ಒಳಗೆ ಹೋದ.

ವರ್ಲಿನ್ ಮನೆಗೆ ಬಂದು ಇದನ್ನೇ ಯೋಚಿಸಿದ. ನಾಳೆ ಭಾನುವಾರ. ಮುದುಕ ತಮಾಷೆಗೆ ಅಂದನೋ, ನಿಜವಾಗಿ ಅಂದನೋ, ತಾನಿನ್ನೂ ಕೆಲಸಕ್ಕೆ ಸೇರಿದ ಸಾವಿರದ ಒಂಬೈನೂರ ಎರಡರಲ್ಲೇ ಇದ್ದೇನೆಂದು ತಿಳಿದು ಅಂದನೋ? ಓಪಲಳನ್ನು ಕೇಳಿದ. “ನನಗೇನು ಗೊತ್ತು? ಹೋಗಿ ನೋಡಿ” ಎಂದಳು ಅವಳು.

ಮರುದಿನ ಬೆಳಿಗ್ಗೆ ಆರಕ್ಕೆ ಕಾಲು ಗಂಟೆ ಇರುವಾಗ ಅವನು ಜೀಪು ನಿಲ್ಲಿಸಿ, ಯಾರಾದರೂ ನೋಡಿದರೆ ಏನು ಹೇಳುವುದೆಂದು ತಿಳಿಯದೆ, ಕಳ್ಳನಂತೆ ವೃದ್ಧಾಶ್ರಮದ ಮೂಲೆ ತಿರುಗಿದ. ಗಾಲಿಕುರ್ಚಿ ಆಗಲೇ ಬಾಗಿಲ ಹೊರಗಿತ್ತು. ಓಥೋ ಬ್ಯಾಂಟಾ ಟೋಪಿ ಹಾಕಿಕೊಂಡು, ಮಡಿಲಲ್ಲಿ ಬುತ್ತಿ ಇಟ್ಟುಕೊಂಡು ರಸ್ತೆ ನೋಡುತ್ತಿದ್ದ.

“ಹೊಸಬರ ಹಣೆಬರಹವೇ ಇಷ್ಟು” ಎಂದ. “ತಳ್ಳು, ಹೊತ್ತಾಯ್ತು.”